ನೀರುಳ್ಳಿ ಅಮ್ಮನ ಕವಳ

ಒದ್ದೆ ಸುಣ್ಣ ಮತ್ತು ವೀಳ್ಯದೆಲೆ ಬಾಯಲ್ಲಿ ಒಟ್ಟಿಗೆ ಅರೆದಾಗ ಬರುವ ವಾಸನೆ ನನಗೆ ಹೊಸದಲ್ಲ. ನಮ್ಮ ಕಡೆ ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಮದುವೆಮನೆಯ ಜಗುಲಿಯಲ್ಲಿ ಎಲ್ಲೆಲ್ಲೂ ಅದೇ ವಾಸನೆ. ಎಲೆ, ಅಡಿಕೆ, ಸುಣ್ಣ ಸೇರಿಸಿದ ಕವಳವನ್ನು ಬೇಡ ಎಂದವರನ್ನು, ಪಾಪ, ಮೈಗೆ ಹುಷಾರಿಲ್ಲವೇನೋ ಎಂದು ನೋಡುವ ಊರುಗಳು ನಮ್ಮವು. ಆದರೂ ಕಳೆದ ಬುಧವಾರ ನನ್ನ ಮೇಜಿನ ಎದುರಿನ ಕುರ್ಚಿಯಿಂದ ಆ ವಾಸನೆ ಬಂದಾಗ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟೆ.

ಕುರ್ಚಿಯಲ್ಲಿ ಕೂತವನಿಗೆ ನಲವತ್ತರ ಆಸುಪಾಸು. ಎಡ ದವಡೆ ಉಬ್ಬಿತ್ತು. ಒಂದು ಕೈಯಲ್ಲಿ ಡಾಕ್ಟರ ಚೀಟಿ, ಇನ್ನೊಂದರಲ್ಲಿ ಜಡೆಯಂತೆ ಹೆಣೆದ ನೀರುಳ್ಳಿ ಗೊಂಚಲು. ಚೀಟಿ ಓದಿದೆ. ದೊಡ್ಡ ಕರುಳಿನ ಗಡ್ಡೆ ತೆಗೆದಾಗಿದೆ, ಮಾತ್ರೆ ಶುರುಮಾಡುವ ಮುಂಚೆ ಜೀನ್ ಪರೀಕ್ಷೆ ಆಗಬೇಕು ಎಂದಿತ್ತು. ಗೊಂಚಲು ನೋಡಿದ ಮೇಲೆ ಹೆಸರು ಓದುವ ಅಗತ್ಯವಿರಲಿಲ್ಲ. ಅವನು ನೀರುಳ್ಳಿ ಅಮ್ಮನ ಮಗ.

"ಕವಳ ಉಗುಳಿ, ಬಾಯಿ ತೊಳ್ಕೊಂಡು ಬಾ ತಮ್ಮಾ," ಎಂದೆ. "ಆಮೇಲೆ ಅರ್ಧ ಗಂಟೆ ಇಲ್ಲೇ ಕೂತ್ಕ. ನೀರೂ ಕುಡಿಬೇಡ."

"ಅರ್ಧ ಗಂಟೆ ಎಂತಕ್ಕೆ ಅಕ್ಕಾ? ಅವ್ವಿಗೆ ಕೂತಲ್ಲೇ ಕೆನ್ನೆಗೆ ಕಡ್ಡಿ ಹಾಕಿ ಮುಗ್ಸಿದ್ರಿ ಅಲ್ದಾ?"

ಅವನು ಕೊಂಕು ತೆಗೆದು ಕೇಳಿದ್ದಲ್ಲ. ಬಾಯಲ್ಲಿದ್ದ ಕವಳ ಬಿಡಲು ಮನಸ್ಸಿಲ್ಲದೆ ಕೇಳಿದ್ದು. ಕೈತೊಳೆಯುವ ಜಾಗ ತೋರಿಸಿದೆ. ಅವನು ಬಾಯಿ ಮುಕ್ಕಳಿಸಿ ಬಂದು, ಗೊಂಚಲನ್ನು ಪಕ್ಕದ ಕುರ್ಚಿಯ ಮೇಲಿಟ್ಟು, ಗೋಡೆಯ ಗಡಿಯಾರ ನೋಡುತ್ತ ಕೂತ.

ಬೇಸಿಗೆಯಲ್ಲಿ ಹೊನ್ನಾವರದಿಂದ ಕುಮಟಾಕ್ಕೆ ಹೋಗಿಬರುವವರಿಗೆ ಹೆದ್ದಾರಿಯ ಪಕ್ಕದ ನೀರುಳ್ಳಿ ಸಾಲು ಗೊತ್ತು. ಬಿದಿರಿನ ಗಳಗಳಿಗೆ ಕೆಂಪು ಗೊಂಚಲುಗಳನ್ನು ತೂಗುಹಾಕಿ ಹೆಂಗಸರು ಕೂತಿರುತ್ತಾರೆ. ನಮ್ಮ ನೀರುಳ್ಳಿ ಸಿಹಿ. ಹೊರಗಿನವರು ಕಾರು ನಿಲ್ಲಿಸಿ, ಹೌದೇ ಎಂದು ಒಂದನ್ನು ಕಚ್ಚಿ ನೋಡಿ ಕೊಳ್ಳುವಷ್ಟು ಸಿಹಿ. ಆ ಸಾಲಿನ ಕೊನೆಯಲ್ಲಿ, ಯಾವುದೋ ಹಳೇ ಚುನಾವಣೆಯ ಬ್ಯಾನರನ್ನು ನೆರಳಿಗೆ ಕಟ್ಟಿಕೊಂಡು ನೀರುಳ್ಳಿ ಅಮ್ಮ ಕೂರುತ್ತಿದ್ದರು. ಬ್ಯಾನರಿನಲ್ಲಿದ್ದ ನಾಯಕರ ಮುಖ ಅರ್ಧ ಹರಿದಿತ್ತು. ಉಳಿದರ್ಧ ಕೈಮುಗಿದು ಮತ ಕೇಳುತ್ತಿತ್ತು. "ಐದು ವರ್ಷದಲ್ಲಿ ಇವ್ನು ನಂಗೆ ಮಾಡ್ದ ಉಪಕಾರ ಅಂದ್ರೆ ಇದೊಂದು ನೆಳ್ಳು," ಎನ್ನುತ್ತಿದ್ದರು.

ನಾನು ಮಾವಿನಕುರ್ವೆಯವಳು. ಕುಮಟಾದ ರಕ್ತ ಪರೀಕ್ಷೆ ಕೇಂದ್ರವೊಂದರಲ್ಲಿ ಕೆಲಸ. ಈಗ ಸಂತೆಗುಳಿಯಿಂದ ಮಾವಳ್ಳಿಯವರೆಗೆ ಯಾರ ತೋಳಿನ ನರ ಎಲ್ಲಿ ಅಡಗಿದೆ ಎಂದು ಕಣ್ಣುಮುಚ್ಚಿ ಹೇಳಬಲ್ಲೆ, ಜಂಬವಲ್ಲ. ಆದರೆ ಸೇರಿದ ಹೊಸತರಲ್ಲಿ ಸೂಜಿ ಹಿಡಿದರೆ ರೋಗಿಗಿಂತ ಮೊದಲು ನನಗೇ ಬೆವರು ಬರುತ್ತಿತ್ತು. ಸಕ್ಕರೆ ಕಾಯಿಲೆ ಇದೆಯೇ ನೋಡಲು ನೀರುಳ್ಳಿ ಅಮ್ಮ ಬಂದಾಗ ಮೂರು ಸಲ ಚುಚ್ಚಿದೆ, ಮೂರು ಸಲವೂ ನರ ತಪ್ಪಿತು. ನಾಲ್ಕನೆಯದಕ್ಕೆ ನನ್ನ ಕಣ್ಣಲ್ಲಿ ನೀರು. ಅವರು ತೋಳನ್ನು ಇನ್ನಷ್ಟು ಮುಂದೆ ಚಾಚಿದರು.

"ಹೆದ್ರಬೇಡ ತಂಗಿ. ಹೆಣೆಯೂಕೆ ಕಲಿವಾಗ ನಾನೂ ಎಷ್ಟು ನೀರುಳ್ಳಿ ಜುಟ್ಟು ಹರ್ದಿದ್ದೆ, ಲೆಕ್ಕ ಇಲ್ಲ. ಚುಚ್ಚು."

ಅಂದಿನಿಂದ ನನ್ನ ಸ್ಕೂಟರು ದಿನಾ ಬೆಳಿಗ್ಗೆ ಆ ಬ್ಯಾನರಿನ ಕೆಳಗೆ ಐದು ನಿಮಿಷ ನಿಲ್ಲತೊಡಗಿತು. ಹೋದ ಕೂಡಲೇ ಅವರು ಸ್ಟೀಲಿನ ಡಬ್ಬಿ ತೆರೆಯುವರು. ಎಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಎಳೆದು, ಅಡಿಕೆ ಹೋಳು ಇಟ್ಟು ಮಡಚಿ ಕೈಗೆ ಕೊಡುವರು. ನನಗೆ ಮೊದಲು ಕವಳದ ಅಭ್ಯಾಸ ಇರಲಿಲ್ಲ. ಅವರು ಕೊಟ್ಟು ಕೊಟ್ಟು ಆಯಿತು. ಒಂದು ದವಡೆಯಲ್ಲಿ ಕವಳ ಇಟ್ಟುಕೊಂಡೇ ಅವರು ಹಾಡುತ್ತಿದ್ದರು. ಗದ್ದೆ ನಟ್ಟಿಯ ಹಾಡು, ಮದುವೆಯಲ್ಲಿ ಎಣ್ಣೆ ಹಚ್ಚುವ ಹಾಡು, ಯಾರೋ ಅಣ್ಣ ತಂಗಿಯನ್ನು ಕರೆಯಲು ಬರುವ ಉದ್ದನೆಯ ಹಾಡು... ಬೆರಳು ಜುಟ್ಟು ಹೆಣೆಯುತ್ತಿದ್ದರೆ ಬಾಯಿ ತನ್ನಷ್ಟಕ್ಕೆ ಹಾಡುತ್ತಿತ್ತು. ಸುತ್ತಲಿನ ಮದುವೆಗಳಿಗೆಲ್ಲ ಅವರನ್ನು ಕರೆಯುತ್ತಿದ್ದರು. ನನ್ನ ಮದುವೆಗೂ ಬಂದು, ಊಟ ಬಡಿಸುವವರು ಬಂದು ನಿಂತರೂ ಹಾಡು ನಿಲ್ಲಿಸದೆ, ನಮ್ಮ ಮಾವನವರಿಂದ ಬೈಸಿಕೊಂಡಿದ್ದರು.

ಕೆಲವು ವರ್ಷಗಳ ನಂತರ ಅವರಿಗೆ ದೊಡ್ಡ ಕರುಳಿನಲ್ಲಿ ಗಡ್ಡೆ ಎಂದು ಗೊತ್ತಾಯಿತು. ಮಂಗಳೂರಿನಲ್ಲಿ ಆಪರೇಶನ್ ಆಯಿತು. ಮರಳಿ ಬಂದಾಗ ಅರ್ಧ ಆಗಿದ್ದರು, ಆದರೆ ಮಾತು ಪೂರ್ತಿ ಇತ್ತು. "ತಂಬಾಕು ಬಿಡು ಅಂದ್ರು, ಬಿಟ್ಟೆ. ಎಲೆ ಅಡ್ಕೆ ಬಿಡು ಅಂದ್ರು, ಕೇಳ್ಸಲಿಲ್ಲ ಅಂದೆ," ಎಂದು ನಕ್ಕರು.

ಹದಿನೈದು ದಿನಕ್ಕೊಮ್ಮೆ ಮಂಗಳೂರಿನಿಂದ ನಮ್ಮ ಕಡೆ ಬರುತ್ತಿದ್ದ ಕ್ಯಾನ್ಸರ್ ಡಾಕ್ಟರು ಅವರಿಗೆ ಮಾತ್ರೆ ಬರೆಯುವ ಮುಂಚೆ ಜೀನ್ ಪರೀಕ್ಷೆ ಮಾಡಿಸಲು ಹೇಳಿದರು. ಅದಾಗ ನಮ್ಮ ಕೇಂದ್ರಕ್ಕೆ ಹೊಸತು. ರಕ್ತವೇ ಬೇಕೆಂದಿಲ್ಲ, ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ತಿಕ್ಕಿ, ಕೊಳವೆಯಲ್ಲಿ ಹಾಕಿ, ದೂರದ ಲ್ಯಾಬಿಗೆ ಕಳಿಸಿದರೆ ಸಾಕು. ಆಸ್ಪತ್ರೆಯಲ್ಲಿ ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಅವರ ತೋಳು ಕಪ್ಪಾಗಿತ್ತು. ಸೂಜಿ ಬೇಡ, ಕಡ್ಡಿ ಸಾಕು ಎಂದು ನಾನೇ ಹುರುಪಿನಿಂದ ಹೇಳಿದೆ. ಎರಡು ನಿಮಿಷದ ಕೆಲಸ, ಮನೆಗೇ ಬರುತ್ತೇನೆ ಎಂದೂ ಹೇಳಿದೆ.

ಒಂದು ಮಧ್ಯಾಹ್ನ ಮೂರು ಗಂಟೆಗೆ ಹೋದೆ. ಅಂಗಳದಲ್ಲಿ ನೀರುಳ್ಳಿ ಒಣಗುತ್ತಿತ್ತು. ಮಗ ಗದ್ದೆಗೆ ಹೋಗಿದ್ದ, ಸೊಸೆ ಹಿತ್ತಿಲಲ್ಲಿದ್ದಳು. ಅವರು ಜಗುಲಿಯ ಮೇಲೆ ಚಾಪೆ ಹಾಸಿ, ಬಾಯಲ್ಲಿ ಆಗಲೇ ಕವಳ ಇಟ್ಟುಕೊಂಡು, ನನಗೂ ಒಂದು ಮಡಚಿ ಕಾಯುತ್ತಿದ್ದರು. ನಾನು ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ. ತಗೊಳ್ಳದೆ ಇರುವುದು ಹೇಗೆ?

"ಇದು ಎಂತ ಪರೀಕ್ಷೆ ತಂಗಿ? ಗಡ್ಡೆ ತೆಗ್ದಾತು. ಇನ್ನೆಂತ ನೋಡೂದು?"

ನಾನು ಪಾಠ ಒಪ್ಪಿಸಿದೆ. ಈ ಮಾತ್ರೆ ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಕೊಲ್ಲುತ್ತದೆ. ಗಡ್ಡೆಯ ಕೋಶವೂ ಬೆಳೆಯುತ್ತದೆ, ಬಾಯೊಳಗಿನ ಚರ್ಮವೂ ಬೆಳೆಯುತ್ತದೆ, ಕರುಳಿನ ಒಳಪದರವೂ ಬೆಳೆಯುತ್ತದೆ. ಮಾತ್ರೆಗೆ ಇದು ಕಳೆ ಇದು ಪೈರು ಎಂಬುದು ತಿಳಿಯುವುದಿಲ್ಲ. ಅದಕ್ಕೇ ಅಳತೆ ಮೀರದಂತೆ ಕೊಡುತ್ತಾರೆ, ಹೆಚ್ಚಾದದ್ದನ್ನು ನಮ್ಮ ಪಿತ್ತಜನಕಾಂಗ ಒಡೆದು ಹೊರಗೆ ಹಾಕುತ್ತದೆ. ಆ ಕೆಲಸ ನಡೆಸುವ ಜೀನ್ ಕೆಲವರಲ್ಲಿ ಹುಟ್ಟಿನಿಂದಲೇ ದುರ್ಬಲ. ಅಂಥವರಿಗೆ ಎಲ್ಲರಿಗೆ ಕೊಡುವಷ್ಟೇ ಕೊಟ್ಟರೆ ಮಾತ್ರೆ ಮೈಯಲ್ಲೇ ನಿಂತು ಬಾಯಿ, ಕರುಳು, ರಕ್ತ ಎಲ್ಲವನ್ನೂ ಹಾಳುಮಾಡುತ್ತದೆ. ಮೊದಲೇ ಗೊತ್ತಾದರೆ ಅರ್ಧ ಕೊಡುತ್ತಾರೆ, ಅಷ್ಟೇ ವಿಷಯ.

ಅವರು ಜಗಿಯುವುದನ್ನು ನಿಲ್ಲಿಸಿ ಕೇಳಿದರು. ಆಮೇಲೆ ಹೇಳಿದರು, "ಅಡ್ಕೆ ಸೊಕ್ಕಿದ ಹಾಂಗೆ ಅಲ್ದಾ? ಒಂದೇ ಮರದ ಅಡ್ಕೆ. ನಂಗೆ ಎಂತದೂ ಆಗೂದಿಲ್ಲ. ನಮ್ಮ ಸೊಸೆ ಒಂದು ಹೋಳು ತಿಂದ್ರೆ ಬೆವ್ತು, ತಲೆ ತಿರ್ಗಿ ಮಲಗ್ತದೆ."

ಹೌದು ಅಮ್ಮಾ, ಸರಿಯಾಗಿ ಅದೇ, ಎಂದೆ. ಈಗಲೂ ಈ ಪರೀಕ್ಷೆಗೆ ಬಂದವರಿಗೆಲ್ಲ ನಾನು ಆ ಅಡಿಕೆಯ ಉದಾಹರಣೆಯನ್ನೇ ಕೊಡುತ್ತೇನೆ. ಯಾರು ಹೇಳಿದ್ದೆಂದು ಮಾತ್ರ ಹೇಳುವುದಿಲ್ಲ.

ಕಡ್ಡಿಯ ಪೊಟ್ಟಣದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು, ಮಾದರಿ ತೆಗೆಯುವ ಮುಂಚೆ ಅರ್ಧ ಗಂಟೆ ಏನನ್ನೂ ತಿನ್ನಬಾರದು, ಕುಡಿಯಬಾರದು, ಜಗಿಯಬಾರದು. ನನಗದು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಬೇರೆಯವರಿಗೆ ನಾನೇ ಓದಿ ಹೇಳುತ್ತಿದ್ದೆ. ಆದರೆ ಆ ಜಗುಲಿಯಲ್ಲಿ ಅವರು ಕೊಟ್ಟ ಕವಳ ನನ್ನ ಬಾಯಲ್ಲಿತ್ತು. ನನ್ನದನ್ನು ಜಗಿಯುತ್ತ, ನಿಮ್ಮದನ್ನು ಉಗುಳಿ ಅರ್ಧ ಗಂಟೆ ಸುಮ್ಮನೆ ಕೂತಿರಿ ಎಂದು ಅವರ ಮನೆಯಲ್ಲೇ, ತಾಯಿಯ ವಯಸ್ಸಿನವರಿಗೆ ಹೇಳಲು ನಾಲಿಗೆ ಏಳಲಿಲ್ಲ. ನಮ್ಮಲ್ಲಿ ಕವಳ ಹಾಕಿ ಕೂತವರನ್ನು ಅರ್ಧಕ್ಕೆ ಎಬ್ಬಿಸುವವರಿಲ್ಲ. ಇದನ್ನು ನಾನು ಬಹಳ ವರ್ಷ ಸಂಕೋಚ, ಮರ್ಯಾದೆ ಎಂದೆಲ್ಲ ಕರೆದುಕೊಂಡೆ. ಸತ್ಯ ಇನ್ನೂ ಸಣ್ಣದು. ನಾಲ್ಕು ಗಂಟೆಗೆ ಪಾರ್ಸೆಲ್ ಗಾಡಿ ಹೋಗುತ್ತಿತ್ತು, ಎರಡು ನಿಮಿಷದ ಕೆಲಸ ಎಂದು ಹೇಳಿಯಾಗಿತ್ತು, ಮತ್ತು ನನಗೆ ಬೇಗ ಮನೆಗೆ ಹೋಗಬೇಕಿತ್ತು.

"ಒಂದ್ಸಲ ಬಾಯಿ ಮುಕ್ಕಳ್ಸಿ ಅಮ್ಮಾ, ಸಾಕು," ಎಂದೆ. ಅವರು ಚೊಂಬಿನ ನೀರಿನಿಂದ ಮುಕ್ಕಳಿಸಿ ಬಂದರು. ಕಡ್ಡಿಯನ್ನು ಕೆನ್ನೆಯೊಳಗೆ ತಿಕ್ಕಿ ತೆಗೆದೆ. ಹತ್ತಿ ಕೆಂಪಾಗಿತ್ತು. ಅಡಿಕೆಯ ಒಂದು ಚೂರೂ ಅಂಟಿತ್ತು. ನೋಡಿದೆ, ಕೊಳವೆಯಲ್ಲಿ ಹಾಕಿದೆ, ಮುಚ್ಚಳ ಬಿಗಿದೆ. ಫಾರಂನಲ್ಲಿ ಅರ್ಧ ಗಂಟೆಯ ನಿಯಮ ಪಾಲಿಸಲಾಗಿದೆ ಎಂಬ ಸಾಲಿನ ಎದುರು ಚೌಕ ಇತ್ತು. ಅದರಲ್ಲಿ ಸರಿ ಗುರುತು ಹಾಕಿದೆ.

ಒಂದು ವಾರದ ಮೇಲೆ ಲ್ಯಾಬಿನಿಂದ ಮೇಲ್ ಬಂತು. ಮಾದರಿ ಪರೀಕ್ಷೆಗೆ ಯೋಗ್ಯವಾಗಿಲ್ಲ, ಮತ್ತೊಮ್ಮೆ ಕಳಿಸಿ. ಎರಡೇ ಸಾಲು. ಅದನ್ನು ಕೇಂದ್ರದ ಮಾಲೀಕರಿಗೆ ತೋರಿಸಿದರೆ ಫಾರಂ ತೆಗೆಯುತ್ತಾರೆ, ನನ್ನ ಸರಿ ಗುರುತು ಕಾಣುತ್ತದೆ. ಯಾರಿಗೂ ಗೊತ್ತಾಗದಂತೆ ಭಾನುವಾರ ಹೋಗಿ ಇನ್ನೊಂದು ಕಡ್ಡಿ ಹಾಕಿ ಬಂದರಾಯಿತು ಎಂದುಕೊಂಡೆ. ಆ ಭಾನುವಾರ ಮಾವಳ್ಳಿಯಲ್ಲಿ ಗಂಡನ ಕಡೆಯವರ ಮನೆ ಒಕ್ಕಲು ಇತ್ತು. ಹೋದೆ. ಎರಡು ಸಲ ಪಾಯಸ ಹಾಕಿಸಿಕೊಂಡದ್ದೂ ನೆನಪಿದೆ. ಮುಂದಿನ ಭಾನುವಾರ ಬರುವ ಮುಂಚೆ ಡಾಕ್ಟರು ಬರುವ ದಿನ ಬಂತು.

ಅವರ ಜೊತೆಗೆ ಕೆಲಸ ಮಾಡುತ್ತಿದ್ದ ಭಟ್ಕಳದ ಸಿಸ್ಟರ್ ಫೋನ್ ಮಾಡಿದರು. "ನೀರುಳ್ಳಿ ಮಾರೋ ಅಮ್ಮನ ಜೀನ್ ರಿಪೋರ್ಟ್ ಬಂತಾ? ಡಾಕ್ಟರ್ ಕೇಳ್ತಿದಾರೆ."

"ಇನ್ನೂ ಬಂದಿಲ್ಲ ಸಿಸ್ಟರ್."

"ಆಪರೇಶನ್ ಆಗಿ ತುಂಬ ದಿನ ಆಯ್ತು, ಇನ್ನು ತಡ ಮಾಡೋಕೆ ಆಗಲ್ಲ ಅಂತಾರೆ. ಏನಾದ್ರೂ ದೋಷ ಇದ್ರೆ ಲ್ಯಾಬಿನವ್ರು ಬೇಗ ತಿಳಿಸ್ತಾರೆ ಅಲ್ವಾ?"

"ಹಾಂ. ಅಂಥದ್ದಿದ್ರೆ ತಿಳಿಸ್ತಾರೆ."

ಇಷ್ಟೇ ಮಾತು. ಮಾದರಿ ಹಾಳಾಗಿದೆ, ಎರಡು ದಿನ ಕೊಡಿ, ನಾಳೆಯೇ ರಕ್ತ ತೆಗೆದು ಕಳಿಸುತ್ತೇನೆ ಎಂದು ಹೇಳಲು ಇದಕ್ಕಿಂತ ಹೆಚ್ಚು ಹೊತ್ತು ಬೇಕಾಗಿರಲಿಲ್ಲ. ಹೆಚ್ಚೆಂದರೆ ಮಾಲೀಕರು ಬೈಯುತ್ತಿದ್ದರು. ಅವರು ದಿನಾ ಯಾವುದಕ್ಕೋ ಬೈಯುವವರೇ. ಅದೇ ಸಂಜೆ ನೀರುಳ್ಳಿ ಅಮ್ಮ ಮಾತ್ರೆ ಶುರುಮಾಡಿದರು. ಎಲ್ಲರಿಗೂ ಕೊಡುವ ಪೂರ್ತಿ ಅಳತೆ.

ಒಂಬತ್ತನೆಯ ದಿನ ಬೆಳಿಗ್ಗೆ ಸೊಸೆ ಫೋನ್ ಮಾಡಿದಳು. "ಅತ್ತೆ ಎರಡು ದಿನಾತು ನೀರೂ ನುಂಗ್ತಿಲ್ಲ. ಜ್ವರ ಇದ್ದು. ಸಣ್ಣ ಬಾಯಿಹುಣ್ಣು ಅಂದ್ಕಂಡಿದ್ದೆ ಅಕ್ಕಾ..." ನಾನು ಹೇಗೆ ಸ್ಕೂಟರು ಓಡಿಸಿದೆನೋ. ಹೋಗಿ ನೋಡಿದರೆ ಅವರು ಅದೇ ಜಗುಲಿಯಲ್ಲಿ ಗೋಡೆಗೆ ಒರಗಿದ್ದರು. ತುಟಿ ಒಡೆದು ರಕ್ತ ಹೆಪ್ಪುಗಟ್ಟಿತ್ತು. ಬಾಯಿ ಸ್ವಲ್ಪ ತೆರೆದೇ ಇತ್ತು, ಮುಚ್ಚಿದರೆ ಉರಿಯುತ್ತಿತ್ತಂತೆ. ಒಳಗೆ ನಾಲಿಗೆ, ಕೆನ್ನೆ ಎಲ್ಲ ಸುಲಿದಿತ್ತು.

ನನ್ನನ್ನು ನೋಡಿ ಏನೋ ಹೇಳಲು ಹೋದರು, ಆಗಲಿಲ್ಲ. ಕೈಯೆತ್ತಿ ಸೊಸೆಗೆ ಸ್ಟೀಲಿನ ಡಬ್ಬಿ ತೋರಿಸಿದರು. ಆಮೇಲೆ ನನ್ನನ್ನು ತೋರಿಸಿದರು. ಬಂದವಳಿಗೆ ಕವಳ ಕೊಡು ಎಂದು. ಸೊಸೆ ಎಲೆ ಮಡಚಿ ಕೊಟ್ಟಳು. ಬೇಡ ಎನ್ನಲು ನನಗೆ ಧೈರ್ಯ ಬರಲಿಲ್ಲ. ಅವರ ಎದುರಿಗೇ ಜಗಿದೆ. ನಾನು ಜಗಿಯುವುದನ್ನು ಅವರು ನೋಡುತ್ತಿದ್ದರು... ಆ ಕವಳದ ರುಚಿ ಹೇಗಿತ್ತೆಂದು ಕೇಳಬೇಡಿ.

ಹೊರಗೆ ಬಂದು ಡಾಕ್ಟರಿಗೆ ಫೋನ್ ಮಾಡಿದೆ. ಅಮ್ಮನ ಸ್ಥಿತಿ ಹೇಳಿದೆ. ಮಾದರಿ ಹಾಳಾಗಿದೆಯಂತೆ, ಈಗಷ್ಟೇ ಲ್ಯಾಬಿನಿಂದ ತಿಳಿಸಿದರು ಎಂದೂ ಹೇಳಿದೆ. ಈಗಷ್ಟೇ ಎಂಬ ಮಾತು ಯಾರೂ ಕೇಳದಿದ್ದರೂ ಬಾಯಿಂದ ತಾನಾಗಿ ಬಂತು. ಡಾಕ್ಟರು, ಮಾತ್ರೆ ನಿಲ್ಲಿಸಿ, ತಕ್ಷಣ ಮಂಗಳೂರಿಗೆ ಕರೆತನ್ನಿ ಎಂದರು. ಮಗ ಗಾಡಿ ಮಾಡಿಕೊಂಡು ಕರೆದುಕೊಂಡು ಹೋದ. ಅಲ್ಲಿ ಅವರ ರಕ್ತ ತೆಗೆದು ಜೀನ್ ಪರೀಕ್ಷೆಗೆ ಕಳಿಸಿದರು. ತಂದೆಯಿಂದ ಒಂದು ತಾಯಿಯಿಂದ ಒಂದು ಬರುವ ಆ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಲಸಕ್ಕೆ ಬಾರದ್ದು ಎಂದು ಗೊತ್ತಾಯಿತು. ನನ್ನ ಕಡ್ಡಿ ಹೇಳಬೇಕಾಗಿದ್ದದ್ದು ಇದನ್ನೇ.

ಅವರು ಬದುಕಿ ಬಂದರು. ಬರಲು ತಿಂಗಳಿಗೂ ಹೆಚ್ಚು ಬೇಕಾಯಿತು. ಬಾಯಿ ಮೇಲುಮೇಲಿಗೆ ಮಾಯಿತು, ಆದರೆ ಸುಣ್ಣ ತಾಗಿದರೆ ಉರಿ, ಖಾರ ತಾಗಿದರೆ ಉರಿ. ಹಾಡಲು ಹೋದರೆ ಗಂಟಲು ಎರಡನೇ ಸಾಲಿಗೇ ಒಣಗುತ್ತಿತ್ತು. ಮತ್ತೆ ಬ್ಯಾನರಿನ ಕೆಳಗೆ ಬಂದು ಕೂತರು, ಗೊಂಚಲು ಹೆಣೆದರು, ಹಾಡು ಮಾತ್ರ ಇರಲಿಲ್ಲ. ಮದುವೆಗೆ ಕರೆಯಲು ಬಂದವರಿಗೆ, ಈಗ ಮೊಬೈಲಿನಲ್ಲಿ ಎಲ್ಲಾ ಹಾಡೂ ಸಿಗ್ತದಲ್ದಾ ಎಂದು ತಾವೇ ಹೇಳಿ ಕಳಿಸುತ್ತಿದ್ದರು.

ಇನ್ನು ನಾನು ಹೇಳಬೇಕಾದದ್ದು ಅದಕ್ಕಿಂತ ಕಷ್ಟದ್ದು. ಮಂಗಳೂರಿನ ಡಾಕ್ಟರು ಅವರಿಗೆ, ಜೀನ್ ಪರೀಕ್ಷೆ ಮಾಡಿದ್ದರಿಂದ ನಿಮ್ಮ ದೋಷ ಗೊತ್ತಾಯಿತು ಎಂದಿದ್ದರು. ಅಲ್ಲಿ ದಿನಕ್ಕೆ ನಾಲ್ಕು ಸಲ ರಕ್ತ ತೆಗೆಯುತ್ತಿದ್ದರು, ಯಾವುದು ಯಾವುದಕ್ಕೆ ಎಂದು ಅವರಿಗೇನು ಗೊತ್ತು? ಅವರಿಗೆ ತಿಳಿದಿದ್ದ ಜೀನ್ ಪರೀಕ್ಷೆ ಒಂದೇ, ಜಗುಲಿಯಲ್ಲಿ ನಾನು ಹಾಕಿದ ಕಡ್ಡಿ. ಊರಿಗೆ ಬಂದ ಮೊದಲ ದಿನವೇ ಅಕ್ಕಪಕ್ಕದ ನೀರುಳ್ಳಿ ಹೆಂಗಸರ ಮುಂದೆ ನನ್ನ ಕೈ ಹಿಡಿದು ಹೇಳಿದರು, "ಈ ತಂಗಿ ಕಡ್ಡಿ ಹಾಕಿ ನೋಡಿದ್ದಕ್ಕೇ ನಾ ಉಳ್ದದ್ದು. ಇಲ್ದಿದ್ರೆ ಅದೇ ಮಾತ್ರೆ ತಿಂದು ತಿಂದು ಹೋಗ್ತಿದ್ದೆ."

ಆಗ ಹೇಳಬಹುದಿತ್ತು. ಅಮ್ಮಾ, ಹಾಗಲ್ಲ, ಎಂದು ಬಾಯಿ ತೆರೆದಿದ್ದೆ ಕೂಡ. ಸುತ್ತಲಿನ ಹೆಂಗಸರು ನನ್ನ ಕಡೆ ನೋಡಿದ ರೀತಿ ನೋಡಿ ಬಾಯಿ ಮುಚ್ಚಿಕೊಂಡೆ. ನನ್ನ ಮೌನವನ್ನು ಅವರು ವಿನಯ ಎಂದುಕೊಂಡರು. ಅಲ್ಲಿಂದ ಮುಂದೆ ಅವರು ಹೇಳಿದರೆಂದೇ ನಮ್ಮ ಕೇಂದ್ರಕ್ಕೆ ಜನ ಬರತೊಡಗಿದರು. ನೀರುಳ್ಳಿ ಅಮ್ಮ ಹೇಳಿದ ತಂಗಿ ನೀವೇನಾ ಎಂದು ಕೇಳುತ್ತಿದ್ದರು. ಮಾಲೀಕರು ನನ್ನನ್ನು ಮೇಲ್ವಿಚಾರಕಿ ಮಾಡಿದರು. ಹೀಗೆ ನಾನು ಮಾಡಿದ ಕೆಡುಕಿನಿಂದಲೇ ನನಗೆ ಹೆಸರು ಬಂತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಬ್ಯಾನರಿನ ಕೆಳಗೆ ನನ್ನ ಸ್ಕೂಟರು ಆಮೇಲೂ ನಿಲ್ಲುತ್ತಿತ್ತು. ನಿಲ್ಲಿಸದೆ ಹೋದರೆ ಅನುಮಾನ ಬರುತ್ತದೆಂದು ನಿಲ್ಲಿಸುತ್ತಿದ್ದೆ, ಅಷ್ಟು ಕೀಳಾಗಿದ್ದೆ. ಅವರು ತಾವು ತಿನ್ನದ ಕವಳವನ್ನು ನನಗೋಸ್ಕರ ಮಡಚುತ್ತಿದ್ದರು. "ನೀ ತಿನ್ನು ತಂಗಿ, ನಾ ನೋಡ್ತೆ. ನಂಗೆ ವಾಸ್ನೆ ಬಂದ್ರೆ ಸಾಕು," ಎನ್ನುತ್ತಿದ್ದರು. ನಾನು ಜಗಿಯುತ್ತಿದ್ದೆ. ಅವರು ಮೂಗರಳಿಸಿ, ಕಣ್ಣು ಅರೆಮುಚ್ಚಿ ಕೂತಿರುತ್ತಿದ್ದರು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತ ಎರಡು ಬೇಸಿಗೆ ಕಳೆದವು...

ಗಡ್ಡೆ ಮತ್ತೆ ಬಂತು. ಮಾತ್ರೆ ಸರಿಯಾಗಿ ನಡೆದಿದ್ದರೂ ಬರುತ್ತಿತ್ತೋ ಏನೋ ಎಂದು ಡಾಕ್ಟರೇ ಹೇಳಿದರು. ಅವರು ತೀರಿಕೊಂಡದ್ದನ್ನು ನಾನು ನನ್ನ ತಲೆಗೆ ಕಟ್ಟಿಕೊಳ್ಳುವುದಿಲ್ಲ. ಆದರೆ ಕೊನೆಯ ಎರಡು ವರ್ಷ ಆ ಬಾಯಿಗೆ ಕವಳ ಇಲ್ಲದೆ, ಹಾಡು ಇಲ್ಲದೆ ಹೋದದ್ದು ನನ್ನಿಂದ. ಅದನ್ನು ಬೇರೆ ಯಾರ ತಲೆಗೂ ಕಟ್ಟಲಾರೆ. ತೀರಿಕೊಳ್ಳುವ ಮುಂಚೆ ಮಗನಿಗೆ ಹೇಳಿದ್ದರಂತೆ, ಪ್ರತಿ ಬೇಸಿಗೆಯ ಮೊದಲ ಗೊಂಚಲು ಆ ತಂಗಿಗೆ ಕೊಡಬೇಕು ಎಂದು. ಅವನು ಒಂದು ವರ್ಷವೂ ತಪ್ಪಿಸಲಿಲ್ಲ. ಆ ನೀರುಳ್ಳಿಯನ್ನು ನಾನು ಒಂದು ವರ್ಷವೂ ಬಾಯಿಗೆ ಹಾಕಲಿಲ್ಲ. ಅಕ್ಕಪಕ್ಕದವರಿಗೆ ಹಂಚಿಬಿಡುತ್ತಿದ್ದೆ.

ಈಗ ಅದೇ ಮಗ ನನ್ನ ಎದುರು ಕೂತಿದ್ದ. ಅದೇ ಕಾಯಿಲೆ, ಅದೇ ಮಾತ್ರೆ, ಅದೇ ಕಡ್ಡಿ. ತಾಯಿಯ ಆ ಕೆಟ್ಟ ಪ್ರತಿ ಅವನಿಗೆ ಬಂದಿರಲೂಬಹುದು, ಬರದೇ ಇರಲೂಬಹುದು. ಗಡಿಯಾರದಲ್ಲಿ ಹತ್ತು ನಿಮಿಷ ಕಳೆದಿತ್ತು. ಅವನು ಬಾಯಾಡಿಸಲು ಏನೂ ಇಲ್ಲದೆ ಚಡಪಡಿಸುತ್ತ ಹೇಳಿದ, "ಮಂಗಳೂರಲ್ಲೇ ಮಾಡ್ಸು ಅಂದಿದ್ರು ಅಕ್ಕಾ. ನಾನೇ ಬೇಡ ಅಂದೆ. ಅವ್ವಿನ ಉಳ್ಸಿದ ಕೈ ಇಲ್ಲಿದ್ದು ಅಂದೆ."

ಆಗ ಹೇಳಿದೆ. ಕವಳ, ಕೆಂಪು ಹತ್ತಿ, ಸರಿ ಗುರುತು, ಮಾವಳ್ಳಿಯ ಪಾಯಸ, ಸಿಸ್ಟರಿಗೆ ಹೇಳಿದ ಸುಳ್ಳು, ಡಾಕ್ಟರಿಗೆ ಹೇಳಿದ ಸುಳ್ಳು, ಅವನ ತಾಯಿ ನನ್ನ ಕೈ ಹಿಡಿದಾಗ ನಾನು ಸುಮ್ಮನಿದ್ದದ್ದು, ಒಂದನ್ನೂ ಬಿಡದೆ ಹೇಳಿದೆ. ಧೈರ್ಯ ಬಂದು ಹೇಳಿದ್ದಲ್ಲ. ಉಳಿಸಿದ ಕೈ ಎಂದು ನನ್ನನ್ನು ನಂಬಿ ಅವನು ಬಾಯಿ ತೆರೆಯುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಬೇರೆ ಕಡೆ ಮಾಡಿಸಬೇಕೆಂದರೆ ಚೀಟಿ ವಾಪಸ್ಸು ಕೊಡುತ್ತೇನೆ, ನಾನೇ ಮಾತಾಡಿ ಗೊತ್ತುಮಾಡಿ ಕೊಡುತ್ತೇನೆ ಎಂದೂ ಹೇಳಿದೆ.

ಅವನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಒಂದೇ ಪ್ರಶ್ನೆ ಕೇಳಿದ.

"ಅವ್ವಿಗೆ ಗೊತ್ತಿತ್ತಾ?"

"ಇಲ್ಲ."

ಅವನು ತಲೆ ಆಡಿಸಿದ. ಹೊರಗೆ ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿದ್ದವು. ಗೋಡೆಯ ಗಡಿಯಾರದ ಮುಳ್ಳು ಅರ್ಧ ಸುತ್ತು ಮುಗಿಸಿದಾಗ ಅವನೇ ಹೇಳಿದ, "ಅರ್ಧ ಗಂಟೆ ಆತು." ಅಕ್ಕಾ ಎನ್ನಲಿಲ್ಲ. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಬಾಯಿ ತೆರೆದ. ಎರಡೂ ಕೆನ್ನೆಗೆ ಕಡ್ಡಿ ತಿಕ್ಕಿ ತೆಗೆದೆ. ಹತ್ತಿ ಬೆಳ್ಳಗಿತ್ತು. ಫಾರಂ ತುಂಬಿ, ಚೌಕದಲ್ಲಿ ಗುರುತು ಹಾಕುವ ಮುಂಚೆ ಅವನಿಗೆ ತೋರಿಸಿದೆ. ಅವನು ನೋಡಿ, ಹೂಂ ಎಂದು ಎದ್ದು ಹೋದ.

ನೀರುಳ್ಳಿ ಗೊಂಚಲು ಕು‌ರ್ಚಿಯ ಮೇಲೆಯೇ ಇತ್ತು. ಮರೆತನೋ, ಬಿಟ್ಟುಹೋದನೋ ಗೊತ್ತಾಗಲಿಲ್ಲ. ಇಟ್ಟುಕೊಳ್ಳುವ ಮುಖ ನನಗಿರಲಿಲ್ಲ. ಹಿಡಿದುಕೊಂಡು ಓಡಿದೆ. ಅವನು ಬೈಕ್ ಶುರುಮಾಡುತ್ತಿದ್ದ.

"ತಮ್ಮಾ, ಇದು ನಂಗೆ ಬೇಡ. ನೀ ತಗೊಂಡ್ ಹೋಗು."

ಅವನು ಗೊಂಚಲನ್ನು ನೋಡಿದ, ನನ್ನನ್ನು ನೋಡಲಿಲ್ಲ.

"ಅದು ಅವ್ವಿ ಕೊಡು ಅಂದದ್ದು," ಎಂದ. "ವಾಪಸ್ ತಕಂಬುಕೆ ನಂದಲ್ಲ."

ಬೈಕು ಹೋಯಿತು. ನಾನು ಗೊಂಚಲು ಹಿಡಿದುಕೊಂಡು ಹೆದ್ದಾರಿಯ ಪಕ್ಕದಲ್ಲಿ ನಿಂತಿದ್ದೆ. ಅವರು ಹೋಗಿ ನಾಲ್ಕು ಬೇಸಿಗೆ ಆಯಿತು. ಕ್ಷಮೆ ಕೇಳಬೇಕಾದವರು ಇಲ್ಲ, ಕ್ಷಮಿಸಲು ಬೇರೆ ಯಾರಿಗೂ ಹಕ್ಕಿಲ್ಲ. ಆ ಸಂಜೆ ಗೊಂಚಲನ್ನು ಯಾರಿಗೂ ಹಂಚಲಿಲ್ಲ. ಅಡುಗೆಮನೆಯ ಮೊಳೆಗೆ ತೂಗುಹಾಕಿ, ಒಂದು ನೀರುಳ್ಳಿ ಬಿಡಿಸಿಕೊಂಡು, ಹಸಿಯದೇ ಕಚ್ಚಿದೆ. ಸಿಹಿಯಾಗಿಯೇ ಇತ್ತು.